ಕನಗನಹಳ್ಳಿಯ ಕಲ್ಲುಗಳಲ್ಲಿ ಭಿಕ್ಷುಣಿಯರು

ನಮಸ್ಕಾರ, ಇವತ್ತು ಕನಗನಹಳ್ಳಿಗೆ ಬಂದಿದ್ದೇನೆ. ಕಲಬುರಗಿ ಜಿಲ್ಲೆ, ಚಿತ್ತಾಪುರ ತಾಲ್ಲೂಕು, ಸನ್ನತಿ ಪಕ್ಕದಲ್ಲೇ ಇದೆ, ಹಳೆಯ ಬೌದ್ಧ ಸ್ತೂಪದ ಜಾಗ. ಇಲ್ಲಿಗೆ ಬರುವವರು ಜಾಸ್ತಿ ನೋಡೋದು ಅಶೋಕನ ಶಿಲ್ಪವನ್ನು. ರಾಯ ಅಸೋಕ ಅಂತ ಅವನ ಹೆಸರನ್ನೇ ಕೆತ್ತಿದ್ದಾರಲ್ಲ, ನೋಡಲೇಬೇಕು. ಆದರೆ ನನ್ನ ಮನಸ್ಸು ನಿಂತಿದ್ದು ದಾನ ಕೊಟ್ಟವರ ಹೆಸರುಗಳ ಮೇಲೆ. ಇಲ್ಲಿನ ಬ್ರಾಹ್ಮಿ ಬರಹಗಳಲ್ಲಿ ಭಿಕ್ಷುಣಿಯರ, ಅಂದರೆ ಬೌದ್ಧ ಸನ್ಯಾಸಿನಿಯರ ಹೆಸರೂ ಇವೆ.

ಸುಮಾರು 2,000 ವರ್ಷದ ಹಿಂದೆ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳು. ಗಂಡನಿಲ್ಲ, ತವರಿಲ್ಲ, ಕಾವಲಿಗೆ ಆಳುಗಳಿಲ್ಲ. ಇವರೆಲ್ಲ ಹೇಗೆ ಬದುಕಿದರು?

ಭಿಕ್ಷುಣಿಯರ ವಿನಯದ, ಅಂದರೆ ಸಂಘದ ಶಿಸ್ತಿನ ನಿಯಮಗಳನ್ನು ಓದಿದರೆ ಅವರ ಭಯ ಏನಿತ್ತು ಅಂತ ಗೊತ್ತಾಗುತ್ತದೆ. ಒಬ್ಬಳೇ ಬೇರೆ ಊರಿಗೆ ಹೋಗಬಾರದು. ಒಬ್ಬಳೇ ಹೊಳೆ ದಾಟಬಾರದು. ಒಬ್ಬಳೇ ರಾತ್ರಿ ಉಳಿಯಬಾರದು, ದಾರಿಯಲ್ಲಿ ಗುಂಪಿನಿಂದ ಹಿಂದೆ ಬೀಳಬಾರದು. ಅಪಾಯದ ಸೀಮೆ ಇದ್ದರೆ ವ್ಯಾಪಾರಿಗಳ ತಂಡದ ಜೊತೆಯಲ್ಲೇ ನಡೆಯಬೇಕು. ಸುಮ್ನೆ ಹೇಳಿದ ಮಾತಲ್ಲ ಇದು. ಒಬ್ಬಳೇ ಹೋದರೆ ಅದು ಸಂಘಾದಿಸೇಸ, ಅಂದರೆ ಸಂಘದಿಂದಲೇ ಹೊರಹಾಕುವ ತಪ್ಪಿನ ನಂತರದ ಅತಿ ದೊಡ್ಡ ತಪ್ಪು. ಅಲ್ಲಿ ಭೀಮಾ ನದಿ ನೋಡಿ, ಮಳೆಗಾಲದಲ್ಲಿ ಇದನ್ನು ದಾಟೋದು ಅಂದರೆ ಪಕ್ಕದಲ್ಲಿ ಇನ್ನೊಬ್ಬಳು ಇರಲೇಬೇಕು ಅಲ್ವಾ?

ಉಪ್ಪಲವಣ್ಣಾಳ ಕಥೆ ಹೇಳಲೇಬೇಕು. ಬುದ್ಧನ ಕಾಲದ ಭಿಕ್ಷುಣಿ, ಬುದ್ಧ ಮುಂಚೂಣಿಯಲ್ಲಿಟ್ಟ ಇಬ್ಬರು ಭಿಕ್ಷುಣಿಯರಲ್ಲಿ ಒಬ್ಬಳು. ಶ್ರಾವಸ್ತಿ ಹತ್ತಿರದ ಅಂಧವನದಲ್ಲಿ ಅವಳು ಒಬ್ಬಳೇ ಇದ್ದಳು. ಅವಳ ಮೇಲೆ ಒಬ್ಬ ಯುವಕ ಅತ್ಯಾಚಾರ ಮಾಡಿದ. ಆಮೇಲೆ ಸಂಘದಲ್ಲಿ ಪ್ರಶ್ನೆ ಎದ್ದಾಗ ಬುದ್ಧ ಕೊಟ್ಟ ತೀರ್ಪು ನೇರವಾಗಿತ್ತು: ಅವಳು ಒಪ್ಪಿರಲಿಲ್ಲ, ಹಾಗಾಗಿ ಅವಳದು ತಪ್ಪಿಲ್ಲ. ಇವತ್ತಿಗೂ ಹೀಗೆ ಹೇಳೋಕೆ ಜನ ಹಿಂದೆ ಮುಂದೆ ನೋಡ್ತಾರೆ, ಆ ಕಾಲದಲ್ಲಿ ಅದು ನಿಯಮವಾಗಿ ದಾಖಲಾಯಿತು, ನನಗೆ ಇದು ಬಹಳ ದೊಡ್ಡ ವಿಷಯ ಅನಿಸುತ್ತದೆ.

ಆಮೇಲೆ ಕೋಸಲದ ರಾಜ ಪಸೇನದಿ ಊರೊಳಗೇ ಭಿಕ್ಷುಣಿಯರಿಗೆ ವಸತಿ ಕಟ್ಟಿಸಿದ ಅಂತ ಪಾಳಿ ಅಟ್ಠಕಥೆ, ಅಂದರೆ ಬೌದ್ಧ ಗ್ರಂಥಗಳ ಹಳೆಯ ವ್ಯಾಖ್ಯಾನ, ಹೇಳುತ್ತದೆ. ಭಿಕ್ಷುಣಿಯರು ಇನ್ನು ಕಾಡಿನಲ್ಲಿ ಇರಬಾರದು ಅಂತಾಯಿತು. ಗೋಡೆ ಸಿಕ್ಕಿತು, ನೆರೆಹೊರೆ ಸಿಕ್ಕಿತು, ಜೊತೆಗಾತಿಯರು ಹೇಗೂ ಇದ್ದರು. ಆದರೆ ಅವರು ಮರದ ಕೆಳಗೆ ಒಬ್ಬರೇ ಕೂತು ಧ್ಯಾನ ಮಾಡುವ ಹಾಗಿರಲಿಲ್ಲ, ಭಿಕ್ಷುಗಳಿಗೆ ಆ ಕಾಡು ಹಾಗೇ ಉಳಿಯಿತು. ತಪ್ಪು ಮಾಡಿದವನು ಇನ್ಯಾರೋ, ಕಾಡು ಬಿಡಬೇಕಾಗಿ ಬಂದದ್ದು ಇವರಿಗೆ. ಅದನ್ನು ನಾನು ಒಪ್ಪಲಾರೆ.