ಕನ್ನಡಕ್ಕೆ ಜಾಗ ಬಿಡುವ ಸಿಎಸ್‌ಎಸ್: ಒಂದು ಭತ್ತದ ಪುಟ, ಗ್ರಿಡ್ ಮತ್ತು ಸಬ್‌ಗ್ರಿಡ್

ನಮಸ್ಕಾರ. ಇವತ್ತಿನದು ಪೂರ್ತಿ ಪರದೆ ಮೇಲಿನ ಕೆಲಸ. ವೆಬ್ ಪುಟ ಹೇಗೆ ಕಾಣಬೇಕು ಎಂದು ಬ್ರೌಸರ್‌ಗೆ ಹೇಳುವ ಭಾಷೆ ಸಿಎಸ್‌ಎಸ್, ಮಾತು ಅದರ ಬಗ್ಗೆ. ಸಾಗರದ ಕಡೆಯ ಕೆಲವು ರೈತರು ಸೇರಿ ನಾಟಿ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಯಾವ ತಳಿ ಯಾರ ಹತ್ತಿರ ಇದೆ, ಎಷ್ಟು ದಿನದ ಬೆಳೆ, ಎಂಥ ಗದ್ದೆ ಬೇಕು, ಇಷ್ಟನ್ನು ತೋರಿಸುವ ಒಂದು ಪುಟ ಅವರಿಗೆ ಬೇಕಿತ್ತು. ಒಂದು ಸಿದ್ಧ ಟೆಂಪ್ಲೇಟ್ ತಂದುಕೊಂಡಿದ್ದರು. ಇಂಗ್ಲಿಷ್‌ನಲ್ಲಿ ಅದು ತುಂಬಾ ಚೆನ್ನಾಗಿ ಕಾಣುತ್ತಿತ್ತು. ಕನ್ನಡ ತುಂಬಿದ ಮೇಲೆ ಹೀಗಾಯಿತು.

ಒಂದೊಂದು ತಳಿಗೂ ಒಂದು ಪೆಟ್ಟಿಗೆ, ಅದೇ ಕಾರ್ಡ್. ಎಡಗಡೆಯ ಮೊದಲ ಕಾರ್ಡ್ ನೋಡಿ. ಅದು ಕಗ್ಗ. ಕುಮಟಾದ ಹತ್ತಿರ, ಅಘನಾಶಿನಿ ಸಮುದ್ರ ಸೇರುವ ಕಡೆ, ಗಜನಿ ಗದ್ದೆಗಳಲ್ಲಿ ಉಪ್ಪು ನೀರನ್ನು ತಡೆದುಕೊಂಡು ಬೆಳೆಯುವ ಭತ್ತ. ಈ ಪುಟದಲ್ಲಿ ಅದು 'ಕಗ' ಆಗಿಬಿಟ್ಟಿದೆ. ಗ ಒತ್ತು ಕೆಳಗಡೆ ಕತ್ತರಿಸಿ ಹೋಗಿದೆ. ಪಕ್ಕದ ಕಾರ್ಡ್ ಸಿಂಧೂರ ಮಧುಸಾಲೆ. ಹೆಸರು ಉದ್ದ, ಹಾಗಾಗಿ ಎರಡನೇ ಸಾಲಿಗೆ ಇಳಿಯಿತು. ಕೆಳಗಿನದೆಲ್ಲ ಒಂದು ಸಾಲು ಕೆಳಗೆ ಜರುಗಿತು. ಕಾರ್ಡಿನ ಎತ್ತರ ಮಾತ್ರ 280 ಪಿಕ್ಸೆಲ್‌ಗೆ ಕಟ್ಟಿಹಾಕಿದ್ದು. ಕೊನೆಯ ಸಾಲಿನಲ್ಲಿ ಇದ್ದದ್ದು ಬೀಜ ಇಟ್ಟುಕೊಂಡವರ ಫೋನ್ ನಂಬರ್. ಅದೇ ಕಾಣದಂತಾಯಿತು. ಪುಟ ಮಾಡಿದ್ದೇ ಆ ನಂಬರಿಗೋಸ್ಕರ, ಅಲ್ವಾ?

ಇಲ್ಲಿ ಕನ್ನಡದ್ದೇನೂ ತಪ್ಪಿಲ್ಲ. ಅಕ್ಷರ ಇಷ್ಟೇ ಎತ್ತರ ಇರುತ್ತದೆ, ಪದ ಇಷ್ಟೇ ಉದ್ದ ಇರುತ್ತದೆ ಎಂದು ಟೆಂಪ್ಲೇಟ್ ಮೊದಲೇ ತೀರ್ಮಾನ ಮಾಡಿಬಿಟ್ಟಿದೆ. ಈಗಿನ ಸಿಎಸ್‌ಎಸ್‌ನಲ್ಲಿ ಆ ತೀರ್ಮಾನವನ್ನು ಒಳಗಿರುವ ಬರಹಕ್ಕೇ ಬಿಡಬಹುದು. ಅಗಲ, ಎತ್ತರ, ಎಷ್ಟು ಕಾಲಮ್, ಎಲ್ಲವನ್ನೂ. ಇದರಿಂದ ಹೆಚ್ಚು ಲಾಭ ಆಗುವುದು ಕನ್ನಡದಂಥ ಭಾಷೆಗಳಿಗೆ. ನಾನು ಈ ವೀಡಿಯೊ ಮಾಡುತ್ತಿರುವುದೂ ಅದಕ್ಕೇ.

ಮೊದಲು ಒತ್ತಿನ ವಿಷಯ. ಇಂಗ್ಲಿಷ್‌ನಲ್ಲಿ ಕೆಳಗೆ ಇಳಿಯುವ ಅಕ್ಷರಗಳು ಕೆಲವೇ ಕೆಲವು, ಇಳಿದರೂ ಸ್ವಲ್ಪವೇ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. 'ರಾಷ್ಟ್ರ' ಎಂದರೆ ಎರಡು ಒತ್ತು. ಸಾಲಿನ ಎತ್ತರವನ್ನು 1 ಅಂತ ಇಟ್ಟು, ಮೇಲಿಂದ ಓವರ್‌ಫ್ಲೋ ಹಿಡನ್, ಅಂದರೆ ಪೆಟ್ಟಿಗೆ ಮೀರಿದ್ದನ್ನು ಮರೆಮಾಡು, ಅಂತ ಬರೆದರೆ ಒತ್ತು ಹೋಗಿಯೇ ಹೋಗುತ್ತದೆ. ನಾನು ಕನ್ನಡದ ಬರಹಕ್ಕೆ ಲೈನ್-ಹೈಟ್ 1.6ರಿಂದ 1.8ರ ಒಳಗೆ ಇಡುತ್ತೇನೆ. ಶೀರ್ಷಿಕೆಗೂ 1.4ಕ್ಕಿಂತ ಕಡಿಮೆ ಮಾಡುವುದಿಲ್ಲ. ಇದಕ್ಕೆ ಯೂನಿಟ್ ಹಾಕಬೇಡಿ, ಬರೀ ಸಂಖ್ಯೆ ಸಾಕು. ಆಗ ಅಕ್ಷರ ದೊಡ್ಡದಾದ ಹಾಗೆ ಸಾಲಿನ ಜಾಗವೂ ಅದರ ಜೊತೆಗೇ ಬೆಳೆಯುತ್ತದೆ. ಈಗ 280 ಪಿಕ್ಸೆಲ್‌ನ ಆ ಹೈಟ್ ಸಾಲನ್ನು ಅಳಿಸುತ್ತಿದ್ದೇನೆ. ಬೇಕೇ ಬೇಕು ಅನಿಸಿದರೆ ಮಿನ್-ಹೈಟ್ ಕೊಡಿ. ಕಡಿಮೆ ಎಂದರೆ ಇಷ್ಟಿರಲಿ, ಬರಹ ಜಾಸ್ತಿ ಇದ್ದರೆ ಬೆಳೆಯಲಿ ಎಂದು ಅದರ ಅರ್ಥ. ಕಗ್ಗಕ್ಕೆ ಅದರ ಒತ್ತು ವಾಪಸ್ ಬಂತು ನೋಡಿ.

ಇನ್ನೊಂದು ಸಣ್ಣ ವಿಷಯ. ಓದುವ ಅಂಕಣದ ಅಗಲವನ್ನು ತುಂಬಾ ಜನ 'ಸಿಎಚ್' ಯೂನಿಟ್‌ನಲ್ಲಿ ಕೊಡುತ್ತಾರೆ. ಅದು ಆ ಫಾಂಟಿನ ಸೊನ್ನೆಯ ಅಗಲ. ನಮ್ಮ ಅಕ್ಷರಗಳ ಅಗಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಕನ್ನಡ ಪುಟಕ್ಕೆ ರೆಮ್‌ನಲ್ಲಿ, ಅಂದರೆ ಪುಟದ ಮೂಲ ಅಕ್ಷರದ ಗಾತ್ರದ ಲೆಕ್ಕದಲ್ಲಿ ಕೊಟ್ಟು, ಕಣ್ಣಲ್ಲಿ ನೋಡಿ ಸರಿ ಮಾಡಿಕೊಳ್ಳುವುದೇ ಒಳ್ಳೆಯದು.

ಈಗ ಕಾಲಮ್‌ಗಳಿಗೆ ಬರೋಣ. ಈ ಟೆಂಪ್ಲೇಟ್ ಒಳಗೆ, ಪೆಟ್ಟಿಗೆಯನ್ನು ಎಡಕ್ಕೋ ಬಲಕ್ಕೋ ಸರಿಸಿ ನಿಲ್ಲಿಸುವ ಫ್ಲೋಟ್ ಇದೆ. ಇಂದಿಗೂ ಎಷ್ಟೋ ಟೆಂಪ್ಲೇಟ್‌ಗಳಲ್ಲಿ ಅದೇ ಇದೆ. ಅದು ಯಾಕೆ ಬಂತು ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಈ ಕಥೆ ನನಗೆ ಇಷ್ಟ. ಹೋಕನ್ ವಿಯುಮ್ ಲೀ 1994ರಲ್ಲಿ ಸರ್ನ್ ಎಂಬ ಭೌತಶಾಸ್ತ್ರ ಸಂಶೋಧನಾ ಕೇಂದ್ರದಲ್ಲಿದ್ದಾಗ ಸಿಎಸ್‌ಎಸ್‌ನ ಮೊದಲ ಪ್ರಸ್ತಾಪ ಮುಂದಿಟ್ಟರು. 1996ರ ಡಿಸೆಂಬರ್‌ನಲ್ಲಿ ಮೊದಲ ಆವೃತ್ತಿ ಬಂತು. ಅದರಲ್ಲಿ ಫ್ಲೋಟ್ ಇತ್ತು. ಆದರೆ ಅದು ಇದ್ದದ್ದು ಚಿತ್ರದ ಪಕ್ಕದಲ್ಲಿ ಬರಹ ಸುತ್ತಿಕೊಂಡು ಹೋಗಲಿ ಎಂದು. ಇಡೀ ಪುಟವನ್ನು ಜೋಡಿಸುವುದಕ್ಕೆಂದೇ ಮಾಡಿದ ಸಾಧನ ಆಗ ಇರಲಿಲ್ಲ. ಹಾಗಾಗಿ ಮೊದಲು ಎಲ್ಲರೂ ಟೇಬಲ್ ಟ್ಯಾಗ್‌ನಿಂದ ಪುಟ ಕಟ್ಟಿದರು, ಆಮೇಲೆ ಫ್ಲೋಟ್‌ನಿಂದ ಕಟ್ಟಿದರು. ಫ್ಲೋಟ್ ಮಾಡಿದ ಮೇಲೆ ತಾಯಿ ಪೆಟ್ಟಿಗೆ ಕುಸಿಯುತ್ತದೆ, ಅದನ್ನು ಎತ್ತಿ ನಿಲ್ಲಿಸಲು ಕ್ಲಿಯರ್‌ಫಿಕ್ಸ್. ಎರಡು ಕಾಲಮ್‌ಗಳ ಎತ್ತರ ಸಮ ಆಗುವುದಿಲ್ಲ, ಅದಕ್ಕೆ ಇನ್ನೊಂದು ಉಪಾಯ. ಒಂದು ತಲೆಮಾರಿನ ವೆಬ್ ಕೆಲಸಗಾರರ ಸಮಯ ಇದರಲ್ಲೇ ಹೋಯಿತು.

ಆಮೇಲೆ ಫ್ಲೆಕ್ಸ್‌ಬಾಕ್ಸ್ ಬಂತು. ಒಂದು ಸಾಲನ್ನೋ ಒಂದು ಕಾಲಮನ್ನೋ ಜೋಡಿಸಲು ಅದು ಈಗಲೂ ಸರಿಯಾದ ಸಾಧನ. ಮೇಲಿನ ಮೆನು ನಾನು ಫ್ಲೆಕ್ಸ್‌ನಲ್ಲೇ ಮಾಡಿದ್ದೇನೆ. ಆದರೆ ಅಡ್ಡ ಮತ್ತು ಉದ್ದ ಎರಡನ್ನೂ ಒಟ್ಟಿಗೆ ಹಿಡಿಯುವುದು ಗ್ರಿಡ್. ಅದರ ಒಂದು ಹಳೆಯ ರೂಪವನ್ನು ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 10ರಲ್ಲೇ ತಂದಿತ್ತು. ಇವತ್ತಿನ ಗ್ರಿಡ್ ಕ್ರೋಮ್ ಮತ್ತು ಸಫಾರಿಗಳ ಎಂಜಿನ್ ಒಳಗೆ ಬರೆದವರು ಸ್ಪೇನ್‌ನ ಇಗಾಲಿಯಾ ಎಂಬ ಕಂಪನಿಯವರು. ಆ ಕೆಲಸಕ್ಕೆ ಹಣ ಕೊಟ್ಟದ್ದು ಹಣಕಾಸು ಮಾಹಿತಿ ಕಂಪನಿ ಬ್ಲೂಮ್‌ಬರ್ಗ್. 2017ರ ಮಾರ್ಚ್ ಒಂದೇ ತಿಂಗಳಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರರಲ್ಲೂ ಗ್ರಿಡ್ ಬಂದುಬಿಟ್ಟಿತು. ಬ್ರೌಸರ್‌ಗಳ ಚರಿತ್ರೆಯಲ್ಲಿ ಇಂಥ ಒಗ್ಗಟ್ಟು ಅಪರೂಪ. ಅದಕ್ಕಿಂತ ಮುಂಚೆಯೇ ರೇಚಲ್ ಆಂಡ್ರ್ಯೂ ಮತ್ತು ಜೆನ್ ಸಿಮನ್ಸ್ ಅದನ್ನು ಊರೂರಿಗೆ ಹೋಗಿ ಕಲಿಸುತ್ತಿದ್ದರು. ಹಾಗಾಗಿ ಅದು ಬಂದ ದಿನವೇ ಬಳಸಲು ಜನ ತಯಾರಾಗಿದ್ದರು.

ಸರಿ, ಕೋಡ್. ಕಾರ್ಡ್‌ಗಳ ಪಟ್ಟಿಗೆ ಡಿಸ್‌ಪ್ಲೇ ಗ್ರಿಡ್ ಕೊಡುತ್ತಿದ್ದೇನೆ. ಅದರ ಕೆಳಗೆ ಗ್ರಿಡ್-ಟೆಂಪ್ಲೇಟ್-ಕಾಲಮ್ಸ್. ಅಲ್ಲಿ ರಿಪೀಟ್, ಆಟೋ-ಫಿಲ್ (ಹಿಡಿಸುವಷ್ಟು ಕಾಲಮ್ ಹಾಕು ಎಂದು), ಮಿನ್‌ಮ್ಯಾಕ್ಸ್. ಮಿನ್‌ಮ್ಯಾಕ್ಸ್ ಒಳಗೆ ಕನಿಷ್ಠ 16 ರೆಮ್, ಗರಿಷ್ಠ 1 ಎಫ್‌ಆರ್. ಎಫ್‌ಆರ್ ಎಂದರೆ ಉಳಿದ ಜಾಗದ ಒಂದು ಪಾಲು. ಈ ಒಂದು ಸಾಲಿನ ಕೆಲಸ ನೋಡಿ. ಕಿಟಕಿ ದೊಡ್ಡದು ಮಾಡಿದರೆ ನಾಲ್ಕು ಕಾಲಮ್, ಕುಗ್ಗಿಸಿದರೆ ಮೂರು, ಎರಡು, ಫೋನಿನಲ್ಲಿ ಒಂದು. ಪರದೆಯ ಅಗಲ ನೋಡಿ ಶೈಲಿ ಬದಲಿಸುವ ಮೀಡಿಯಾ ಕ್ವೆರಿಯನ್ನು ಎಲ್ಲೂ ಬರೆದಿಲ್ಲ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ 16 ರೆಮ್ ಕೂಡ ಪರದೆಗಿಂತ ಅಗಲ ಆಗಬಹುದು. ಊರಿನಲ್ಲಿ ವಯಸ್ಸಾದವರು ಸುಮಾರು ಜನ ಹಾಗೇ ಇಟ್ಟುಕೊಂಡಿರುತ್ತಾರೆ. ಅದಕ್ಕೆ 16 ರೆಮ್ ಬದಲು ಮಿನ್ ಫಂಕ್ಷನ್ ಹಾಕಿ, ಒಳಗೆ 100 ಪರ್ಸೆಂಟ್ ಮತ್ತು 16 ರೆಮ್ ಎರಡನ್ನೂ ಕೊಡುತ್ತೇನೆ. ಯಾವುದು ಚಿಕ್ಕದೋ ಅದನ್ನು ಬ್ರೌಸರ್ ತೆಗೆದುಕೊಳ್ಳುತ್ತದೆ. ಪುಟ ಅಡ್ಡಕ್ಕೆ ಸರಿಯುವುದು ನಿಂತಿತು.

ಹಾಗಂತ ಎಲ್ಲ ಮುಗಿಯಲಿಲ್ಲ. ನಮ್ಮ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. 'ಬಿತ್ತನೆಗಿಟ್ಟುಕೊಂಡಿದ್ದಾರೆ' ನೋಡಿ. ಇಂಗ್ಲಿಷ್‌ನಲ್ಲಿ ನಾಲ್ಕೈದು ಪದ, ನಡುವೆ ಖಾಲಿ ಜಾಗ. ನಮ್ಮಲ್ಲಿ ಒಂದೇ ಪದ, ಬ್ರೌಸರ್‌ಗೆ ಮುರಿಯಲು ಜಾಗವೇ ಇಲ್ಲ. ಪಕ್ಕದ ಎರಡು ಕಾಲಮ್‌ಗಳ ಭಾಗದಲ್ಲಿ ಇದೇ ಪದ ಒಂದು ಕಾಲಮನ್ನು ಹಿಗ್ಗಿಸಿ ಇನ್ನೊಂದನ್ನು ಒತ್ತಿಬಿಟ್ಟಿದೆ. ಎರಡಕ್ಕೂ 1 ಎಫ್‌ಆರ್ ಕೊಟ್ಟರೂ ಯಾಕೆ ಸಮ ಆಗಲಿಲ್ಲ? 1 ಎಫ್‌ಆರ್ ಎಂದಾಗ ಬ್ರೌಸರ್ ಅದರ ಕನಿಷ್ಠವನ್ನು ಆಟೋ ಎಂದುಕೊಳ್ಳುತ್ತದೆ. ಅಂದರೆ ಒಳಗಿನ ಅತಿ ಉದ್ದದ ಪದಕ್ಕಿಂತ ಕಾಲಮ್ ಕಿರಿದಾಗುವುದಿಲ್ಲ. ಮಿನ್‌ಮ್ಯಾಕ್ಸ್‌ನಲ್ಲಿ ಕನಿಷ್ಠ 0, ಗರಿಷ್ಠ 1 ಎಫ್‌ಆರ್ ಎಂದು ಬಿಡಿಸಿ ಬರೆದರೆ ಕಾಲಮ್‌ಗಳು ಸಮ ಆಗುತ್ತವೆ. ಫ್ಲೆಕ್ಸ್‌ನಲ್ಲೂ ಇದೇ ತೊಂದರೆ, ಅಲ್ಲಿ ಮಿನ್-ವಿಡ್ತ್ 0 ಕೊಡಬೇಕು. ಇಷ್ಟಾದರೂ ಪದ ಹೊರಗೆ ಚಾಚುತ್ತಿದ್ದರೆ ಓವರ್‌ಫ್ಲೋ-ರ‍್ಯಾಪ್ ಎನಿವೇರ್. ಆದರೆ ಅದು ಎಲ್ಲಿ ಬೇಕಾದರೂ ಮುರಿಯುತ್ತದೆ, ಓದುವವರಿಗೆ ಹಿಂಸೆ. ಪದ ಕೂಡಿಕೊಂಡ ಕಡೆ ನಾವೇ ಡಬ್ಲ್ಯೂಬಿಆರ್ ಟ್ಯಾಗ್ ಇಟ್ಟರೆ ಮೊದಲು ಅಲ್ಲೇ ಮುರಿಯುತ್ತದೆ. 'ಬಿತ್ತನೆಗಿಟ್ಟು' ಒಂದು ಸಾಲಿನಲ್ಲಿ, 'ಕೊಂಡಿದ್ದಾರೆ' ಮುಂದಿನ ಸಾಲಿನಲ್ಲಿ. ಶೀರ್ಷಿಕೆ ಮತ್ತು ಬಟನ್‌ಗಳಿಗಾದರೂ ಇಷ್ಟು ಕಾಳಜಿ ಮಾಡಲೇಬೇಕು ಅಂತ ನನ್ನ ಅಭಿಪ್ರಾಯ.

ಮುಂದಿನದು ಸಬ್‌ಗ್ರಿಡ್. ಈ ಪುಟದ ಚಂದ ಇರುವುದೇ ಇದರಲ್ಲಿ. ಕಗ್ಗದ ಹೆಸರು ಒಂದು ಸಾಲು, ಸಿಂಧೂರ ಮಧುಸಾಲೆ ಎರಡು ಸಾಲು. ಹಾಗಾಗಿ ಒಂದರಲ್ಲಿ 'ಅವಧಿ' ಮೇಲೆ, ಪಕ್ಕದ್ದರಲ್ಲಿ ಕೆಳಗೆ. ಬೀಜ ಹುಡುಕುವವರು ಅಡ್ಡಕ್ಕೆ ಕಣ್ಣಾಡಿಸಿ ಅವಧಿಗಳನ್ನು ಹೋಲಿಸಬೇಕು, ಈಗ ಆಗುತ್ತಿಲ್ಲ. ಪ್ರತಿ ಕಾರ್ಡ್ ತನ್ನ ಒಳಗಿನದನ್ನು ಮಾತ್ರ ನೋಡಿಕೊಳ್ಳುತ್ತಿದೆ, ಪಕ್ಕದವರ ಸುದ್ದಿ ಅದಕ್ಕೆ ಗೊತ್ತಿಲ್ಲ. ಈಗ ಕಾರ್ಡ್‌ಗೆ ಗ್ರಿಡ್-ರೋ ಸ್ಪ್ಯಾನ್ 4 ಕೊಡುತ್ತೇನೆ. ಹೆಸರು, ಅವಧಿ, ಗದ್ದೆ, ಫೋನ್, ಒಟ್ಟು ನಾಲ್ಕು ಸಾಲು. ಕಾರ್ಡಿಗೂ ಡಿಸ್‌ಪ್ಲೇ ಗ್ರಿಡ್, ಅದರ ಗ್ರಿಡ್-ಟೆಂಪ್ಲೇಟ್-ರೋಸ್‌ಗೆ ಸಬ್‌ಗ್ರಿಡ್. ಈಗ ಕಾರ್ಡ್ ತನ್ನದೇ ಸಾಲು ಹಾಕಿಕೊಳ್ಳುವುದಿಲ್ಲ, ಹೊರಗಿನ ಗ್ರಿಡ್‌ನ ಸಾಲುಗಳನ್ನೇ ಹಂಚಿಕೊಳ್ಳುತ್ತದೆ. ನೋಡಿ! ರಾಜಮುಡಿ, ಗಂಧಸಾಲೆ, ನವರ, ಎಲ್ಲದರ ಅವಧಿಯೂ ಒಂದೇ ಗೆರೆಯಲ್ಲಿ. ಇದನ್ನು ಮೊದಲು ಜಾವಾಸ್ಕ್ರಿಪ್ಟ್‌ನಲ್ಲಿ ಎತ್ತರ ಅಳೆದು ಮಾಡುತ್ತಿದ್ದರು. ಫೈರ್‌ಫಾಕ್ಸ್‌ಗೆ ಸಬ್‌ಗ್ರಿಡ್ 2019ರ ಡಿಸೆಂಬರ್‌ನಲ್ಲೇ ಬಂತು. ಸಫಾರಿಗೆ 2022ರಲ್ಲಿ, ಕ್ರೋಮ್‌ಗೆ 2023ರ ಸೆಪ್ಟೆಂಬರ್‌ನಲ್ಲಿ. ಕಾದದ್ದು ಸಾರ್ಥಕ ಆಯಿತು.

ಕಂಟೇನರ್ ಕ್ವೆರಿ ಬಗ್ಗೆ ಬೇಗ ಹೇಳುತ್ತೇನೆ. ಈಥನ್ ಮಾರ್ಕಾಟ್ 2010ರಲ್ಲಿ ರೆಸ್ಪಾನ್ಸಿವ್ ವಿನ್ಯಾಸದ, ಅಂದರೆ ಪರದೆಗೆ ತಕ್ಕಂತೆ ಪುಟ ಹೊಂದಿಕೊಳ್ಳುವ ಯೋಚನೆ ಕೊಟ್ಟಾಗಿನಿಂದ ನಾವು ಪರದೆಯ ಅಗಲವನ್ನು ಕೇಳುತ್ತಾ ಬಂದೆವು. ಆದರೆ ಇದೇ ಕಾರ್ಡನ್ನು ಪಕ್ಕದ ಪಟ್ಟಿಯಲ್ಲೂ ಇಡುತ್ತೇನೆ. ಅಲ್ಲಿ ಪರದೆ ಅಗಲ, ಜಾಗ ಕಿರಿದು. ಕಾರ್ಡ್ ತನಗೆ ಸಿಕ್ಕ ಜಾಗವನ್ನು ತಾನೇ ಕೇಳಿಕೊಳ್ಳಬೇಕು. ಬಹಳ ವರ್ಷ ಇದು ಆಗದ ಕೆಲಸ ಎಂದೇ ಹೇಳುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಪೆಟ್ಟಿಗೆಯ ಅಗಲ ಒಳಗಿನ ಬರಹದ ಮೇಲೆ, ಬರಹದ ಶೈಲಿ ಪೆಟ್ಟಿಗೆಯ ಅಗಲದ ಮೇಲೆ ನಿಂತರೆ ಬ್ರೌಸರ್ ಸುತ್ತುತ್ತಲೇ ಇರುತ್ತದೆ. ಕಂಟೇನರ್-ಟೈಪ್ ಇನ್‌ಲೈನ್-ಸೈಜ್ ಎಂದು ಬರೆದಾಗ ಆ ಸುತ್ತು ಕಡಿಯುತ್ತದೆ, ಯಾಕೆಂದರೆ ಒಳಗಿನದು ಏನೇ ಆದರೂ ಆ ಪೆಟ್ಟಿಗೆಯ ಅಗಲ ಬದಲಾಗುವುದಿಲ್ಲ. ಮಿರಿಯಮ್ ಸುಝಾನ್ ಮತ್ತು ಜೊತೆಗಾರರು ಇದನ್ನು ರೂಪಿಸಿದರು. 2023ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್‌ಗೂ ಬಂದ ಮೇಲೆ ಮುಖ್ಯ ಬ್ರೌಸರ್‌ಗಳೆಲ್ಲದರಲ್ಲೂ ಇದೆ. ಒಂದು ಎಚ್ಚರ: ಪೆಟ್ಟಿಗೆ ತನ್ನ ಅಗಲವನ್ನು ನೋಡಿ ತನ್ನದೇ ಶೈಲಿ ಬದಲಿಸಿಕೊಳ್ಳಲಾರದು, ಒಳಗಿರುವವಕ್ಕೆ ಮಾತ್ರ ಅದು ಅನ್ವಯ. ಅದಕ್ಕೇ ಪಕ್ಕದ ಪಟ್ಟಿಯಲ್ಲಿ ಕಾರ್ಡಿನ ಸುತ್ತ ಇನ್ನೊಂದು ಪೆಟ್ಟಿಗೆ, ಅಂದರೆ ಡಿವ್ ಹಾಕಿದ್ದೇನೆ.

ಇನ್ನು ಉಪಕರಣಗಳು. ಇದಕ್ಕೆ ಯಾವ ಫ್ರೇಮ್‌ವರ್ಕ್ ಎಂದು ಕೇಳುವವರಿಗೆ: ಯಾವುದೂ ಇಲ್ಲ. ಒಂದು ಎಚ್‌ಟಿಎಂಎಲ್, ಒಂದು ಸಿಎಸ್‌ಎಸ್ ಫೈಲ್. ದೊಡ್ಡ ತಂಡದ ಕೆಲಸಕ್ಕೆ ನಾನೂ ವೀಟ್ ಎಂಬ ಉಪಕರಣ ಬಳಸುತ್ತೇನೆ, ಫೈಲ್ ಉಳಿಸಿದ ಕೂಡಲೇ ಬದಲಾವಣೆ ಕಾಣುವುದು ಸುಖ. ಆದರೆ ಈ ಪುಟ ಮುಂದೆ ಆ ಊರಿನ ಹುಡುಗರೇ ನೋಡಿಕೊಳ್ಳಬೇಕು. ಅವರಿಗೆ ಬೇಕಾದದ್ದು ತೆರೆದರೆ ಅರ್ಥ ಆಗುವ ಫೈಲ್. ಸಿಎಸ್‌ಎಸ್ ಬರೆಯುವುದನ್ನು ಸುಲಭ ಮಾಡುವ ಸ್ಯಾಸ್ ಕೂಡ ಹಾಕಲಿಲ್ಲ. ಒಂದು ನಿಯಮದ ಒಳಗೆ ಇನ್ನೊಂದನ್ನು ಬರೆಯುವ ನೆಸ್ಟಿಂಗ್ 2023ರಿಂದ ಬ್ರೌಸರ್‌ನಲ್ಲೇ ಇದೆ, ವೇರಿಯಬಲ್‌ಗಳು ಅದಕ್ಕೂ ಮೊದಲಿನಿಂದ ಇವೆ.

ನಿಜವಾದ ಉಪಕರಣ ಬ್ರೌಸರ್ ಒಳಗೇ ಇದೆ. 2006ರಲ್ಲಿ ಜೋ ಹೆವಿಟ್ ಫೈರ್‌ಫಾಕ್ಸ್‌ಗೆ ಸೇರಿಸಿಕೊಳ್ಳುವ ಫೈರ್‌ಬಗ್ ಎಂಬ ಉಪಕರಣ ಕೊಟ್ಟ ಮೇಲೆ ಪುಟವನ್ನು ಹೀಗೆ ಬಿಚ್ಚಿ ನೋಡುವ ಅಭ್ಯಾಸ ಎಲ್ಲರಿಗೂ ಬಂತು. ಕಾರ್ಡಿನ ಮೇಲೆ ಬಲ ಕ್ಲಿಕ್, ಇನ್‌ಸ್ಪೆಕ್ಟ್. ಗ್ರಿಡ್ ಇರುವ ಕಡೆ 'ಗ್ರಿಡ್' ಎಂಬ ಪುಟ್ಟ ಗುರುತು ಇದೆ. ಒತ್ತಿದರೆ ಗೆರೆಗಳು ಕಾಣುತ್ತವೆ, ಸಾಲು ಕಾಲಮ್‌ಗಳ ನಂಬರ್ ಸಮೇತ. ಗ್ರಿಡ್ ಕಲಿಯುವವರಿಗೆ ಫೈರ್‌ಫಾಕ್ಸ್‌ನ ಗ್ರಿಡ್ ಇನ್‌ಸ್ಪೆಕ್ಟರನ್ನೇ ನಾನು ಮೊದಲು ತೋರಿಸುತ್ತೇನೆ.

ಇನ್ನೊಂದು ಉಪಾಯವನ್ನು ದಯವಿಟ್ಟು ಮಾಡಿ ನೋಡಿ. ಅದೇ ಇನ್‌ಸ್ಪೆಕ್ಟ್ ಕಿಟಕಿಯಲ್ಲಿ, ಆಜ್ಞೆ ಟೈಪ್ ಮಾಡುವ ಕನ್ಸೋಲ್ ತೆರೆದು, ಡಾಕ್ಯುಮೆಂಟ್ ಡಾಟ್ ಡಿಸೈನ್‌ಮೋಡ್‌ಗೆ 'ಆನ್' ಎಂದು ಕೊಡಿ. ಇಡೀ ಪುಟ ಬರೆಯುವ ಹಾಳೆಯಾಗುತ್ತದೆ. ಹೆಸರಿನ ಮೇಲೆ ಕ್ಲಿಕ್ ಮಾಡಿ ನಿಮಗೆ ಗೊತ್ತಿರುವ ಅತಿ ಉದ್ದದ ಪದ ಟೈಪ್ ಮಾಡಿ. ಆಮೇಲೆ ಎರಡು ಒತ್ತಿನ ಪದ. ಆಮೇಲೆ ಪೂರ್ತಿ ಅಳಿಸಿ ನೋಡಿ. ಕಿಟಕಿಯನ್ನು 320 ಪಿಕ್ಸೆಲ್‌ಗೆ ಇಳಿಸಿ. ಅಷ್ಟು ಅಗಲದಲ್ಲಿ ಪುಟ ಅಡ್ಡ ಸರಿಯಬಾರದು ಎಂದು ಸುಲಭ ಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಗ್ರಾಹಕರಿಗೆ ತೋರಿಸುವ ಡಿಸೈನ್‌ನಲ್ಲಿ ಲ್ಯಾಟಿನ್ ಡಮ್ಮಿ ಬರಹ ತುಂಬುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಕನ್ನಡದ ಪುಟಕ್ಕೆ ಮೊದಲ ದಿನದಿಂದ ಕನ್ನಡವೇ ಇರಬೇಕು.

ಕೊನೆಯದಾಗಿ ಪ್ರಿಂಟ್. ಬೀಜ ಮೇಳಕ್ಕೆ ಈ ಪಟ್ಟಿಯನ್ನು ಹಾಳೆ ಮೇಲೆ ತೆಗೆದು ಗೋಡೆಗೆ ಅಂಟಿಸಬೇಕು ಎಂದು ಅವರು ಕೇಳಿದರು. ಮೀಡಿಯಾ ಪ್ರಿಂಟ್ ಒಳಗೆ ಎರಡು ಕಾಲಮ್, ಕಾರ್ಡ್‌ಗೆ ಬ್ರೇಕ್-ಇನ್‌ಸೈಡ್ ಅವಾಯ್ಡ್. ಹೆಸರು ಒಂದು ಹಾಳೆಯಲ್ಲಿ, ಫೋನ್ ನಂಬರ್ ಇನ್ನೊಂದು ಹಾಳೆಯಲ್ಲಿ ಆಗಬಾರದಲ್ಲ. ಪ್ರಿವ್ಯೂ ತೆಗೆದು ನೋಡಿದೆ, ಕಾರ್ಡ್‌ಗಳು ಇಡಿಯಾಗಿ ಬಂದಿವೆ. ಪೂರ್ತಿ ಕೋಡ್ ಕೆಳಗೆ ವಿವರಣೆಯಲ್ಲಿ ಹಾಕಿರುತ್ತೇನೆ, ನಿಮ್ಮೂರಿನ ಕೆಲಸಕ್ಕೆ ಬೇಕಾದರೆ ಹಾಗೇ ಎತ್ತಿಕೊಳ್ಳಿ. ಮುಂದಿನ ವೀಡಿಯೊದಲ್ಲಿ ಕನ್ನಡ ಫಾಂಟ್‌ಗಳನ್ನು ಬೇಗ ಲೋಡ್ ಮಾಡಿಸುವುದು ಹೇಗೆ ನೋಡೋಣ.