ಬೆಳಕು ಬಂತು, ಚಿತ್ರ ಬರಲಿಲ್ಲ

ಕೇಳುಗರಿಗೆ ನಮಸ್ಕಾರ.

ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿ, ಅದರ ಮೇಲೆ ಬೆರಳಿನ ತುದಿ ಒತ್ತಿ ನೋಡಿ. ಬೆರಳು ಕೆಂಪಗೆ ಹೊಳೆಯುತ್ತದೆ. ಅಂದರೆ ಬೆಳಕು ಚರ್ಮ, ಮಾಂಸ, ರಕ್ತ ಎಲ್ಲವನ್ನೂ ದಾಟಿ ಈಚೆಗೆ ಬಂದಿದೆ. ಆದರೂ ಒಳಗಿನ ಮೂಳೆ ಕಾಣುವುದಿಲ್ಲ.

ಇದಕ್ಕೆ ಕಾರಣ ಎರಡು: ಹೀರಿಕೆ ಮತ್ತು ಚದುರಿಕೆ. ಹಿಮೋಗ್ಲೋಬಿನ್ ನೀಲಿ, ಹಸಿರು ಬೆಳಕನ್ನು ಹೀರಿಬಿಡುತ್ತದೆ, ಕೆಂಪನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹಾಗಾಗಿ ಬೆರಳು ಕೆಂಪು. ಮೂಳೆಯನ್ನು ಮರೆಮಾಡುವುದು ಚದುರಿಕೆ. ಅಂಗಾಂಶದೊಳಗೆ ನೀರು, ಕೊಬ್ಬು, ಪ್ರೋಟೀನು ಒತ್ತೊತ್ತಾಗಿ ಕೂತಿವೆ; ಒಂದರಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಬೆಳಕು ದಾರಿ ಬದಲಿಸುತ್ತದೆ. ಸುಮಾರು 1 ಮಿಲಿಮೀಟರ್ ಸಾಗುವಷ್ಟರಲ್ಲಿ ಹೊರಟ ದಿಕ್ಕೇ ಅದಕ್ಕೆ ಮರೆತುಹೋಗಿರುತ್ತದೆ.

ಎರಡರಲ್ಲಿ ಹೆಚ್ಚು ನಷ್ಟ ಹೀರಿಕೆಯಿಂದಲೇ ಎಂಬುದು ನನ್ನ ಎಣಿಕೆ. ಹೀರಿದ ಬೆಳಕು ಶಾಖವಾಗಿ ಹೋಯಿತು, ಅದನ್ನು ಕೇಳುವ ಹಾಗಿಲ್ಲ. ಚದುರಿದ ಬೆಳಕು ಹೊತ್ತು ತಂದ ಸುದ್ದಿ ಕಲಸಿಹೋಗಿದೆ ಅಷ್ಟೇ, ಅಳಿದಿಲ್ಲ.

2007ರಲ್ಲಿ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವಿಜ್ಞಾನಿಗಳಾದ ವೆಲ್ಲೆಕೂಪ್ ಮತ್ತು ಮಾಸ್ಕ್, ಕಲಸಿಹೋದ ಬೆಳಕನ್ನು ಮತ್ತೆ ಒಟ್ಟುಗೂಡಿಸಿ ತೋರಿಸಿದರು. ಬಿಳಿ ಬಣ್ಣದ ಪದರವೊಂದರ ಮುಂದೆ ಲೇಸರ್ ಕಿರಣವನ್ನು ಸಾವಿರಾರು ತುಣುಕುಗಳಾಗಿ ವಿಂಗಡಿಸಿ, ಒಂದೊಂದನ್ನೂ ತುಸು ಹಿಂದೆಮುಂದೆ ಮಾಡುತ್ತ ಹೋದರು. ಕೊನೆಗೆ ಪದರದ ಆಚೆ ಎಲ್ಲ ತುಣುಕುಗಳೂ ತಾಳ ಕೂಡಿ ಒಂದೇ ಬಿಂದುವಿನಲ್ಲಿ ಬೆಳಗಿದವು. ಆದರೆ ಆ ಬಿಂದುವನ್ನು ನೋಡಿಕೊಳ್ಳಲು ಆಚೆ ಬದಿಯಲ್ಲಿ ಒಂದು ಕ್ಯಾಮೆರಾ ಇರಲೇಬೇಕಿತ್ತು. ತಲೆಬುರುಡೆಯೊಳಗೆ ಕ್ಯಾಮೆರಾ ಇಡುವವರಾರು?

ಕೊಯ್ಯದೆ, ಚುಚ್ಚದೆ ನೋಡುವ ದಾರಿ ಸಿಕ್ಕಿದ್ದು 1988ರಲ್ಲೇ ಗುರುತಿಸಿದ್ದ ಒಂದು ಗುಣದಿಂದ. ಲೇಸರ್ ಕಿರಣವನ್ನು ಚೂರೇ ಚೂರು ಓರೆ ಮಾಡಿದರೆ, ಆಚೆ ಮೂಡುವ ಚುಕ್ಕೆಚುಕ್ಕೆಯ ಚಿತ್ತಾರ ಕೆಡುವುದಿಲ್ಲ, ಇದ್ದ ಹಾಗೇ ಪಕ್ಕಕ್ಕೆ ಸರಿಯುತ್ತದೆ. ಇದನ್ನು ಹಿಡಿದು 2012ರಲ್ಲಿ ಪದರದ ಹಿಂದೆ ಅಡಗಿದ್ದ ಹೊಳೆಯುವ ವಸ್ತುವಿನ ಆಕಾರವನ್ನು ಈಚೆಯಿಂದಲೇ ಲೆಕ್ಕ ಹಾಕಿ ತೆಗೆದರು. 2014ರ ಹೊತ್ತಿಗೆ ಒಂದೇ ಫೋಟೋ ಸಾಕಾಯಿತು. ತೊಡಕು ಇಲ್ಲದಿಲ್ಲ: ಪದರ ದಪ್ಪವಾದಷ್ಟೂ ಈ ಗುಣ ಕುಗ್ಗುತ್ತದೆ, ಜೊತೆಗೆ ಜೀವಂತ ದೇಹದಲ್ಲಿ ರಕ್ತ ಹರಿಯುತ್ತಿರುವುದರಿಂದ ಚಿತ್ತಾರ ಮಿಲಿಸೆಕೆಂಡುಗಳಲ್ಲೇ ಅಳಿಸಿಹೋಗುತ್ತದೆ.

ಇನ್ನೊಂದು ಜಾಣ ಉಪಾಯ ಹೀರಿಕೆಯನ್ನೇ ಕೆಲಸಕ್ಕೆ ಹಚ್ಚುತ್ತದೆ. ಬೆಳಕಿನ ಮಿಣುಕು ಹೀರಿದ ರಕ್ತನಾಳ ಕ್ಷಣಮಾತ್ರ ಬಿಸಿಯಾಗಿ ಹಿಗ್ಗಿ, ಸಣ್ಣ ಸದ್ದು ಮಾಡುತ್ತದೆ. ಸದ್ದು ಬೆಳಕಿನಷ್ಟು ಚದುರುವುದಿಲ್ಲ. ಹಾಗಾಗಿ ಕೆಲವು ಸೆಂಟಿಮೀಟರ್ ಆಳದಿಂದಲೂ ಚಿತ್ರ ಸಿಗುತ್ತದೆ. ಬೆಳಕಿನಿಂದ ಸದ್ದು ಹುಟ್ಟುವುದನ್ನು 1880ರಲ್ಲೇ ಕಂಡವರು ಟೆಲಿಫೋನಿನ ಗ್ರಹಾಂ ಬೆಲ್.

2024ರ ಸುದ್ದಿಯಂತೂ ನನ್ನ ಎಣಿಕೆಯನ್ನೇ ಅಲುಗಾಡಿಸಿತು. ಟಾರ್ಟ್ರಜೀನ್ ಎಂಬ ಹಳದಿ ಆಹಾರಬಣ್ಣ ನೀಲಿ ಬೆಳಕನ್ನು ಜೋರಾಗಿ ಹೀರುತ್ತದೆ. ಆ ಕಾರಣಕ್ಕೇ ಅದು ಬೆರೆತ ನೀರು ಕೆಂಪು ಬೆಳಕನ್ನು ಹೆಚ್ಚುಕಡಿಮೆ ಕೊಬ್ಬಿನಷ್ಟೇ ಬಾಗಿಸತೊಡಗುತ್ತದೆ; ನೀರಿನಿಂದ ಕೊಬ್ಬಿಗೆ ಹೋಗುವಾಗ ಬೆಳಕು ದಾರಿ ಬದಲಿಸುವುದು ಕಡಿಮೆಯಾಗಿ, ಚದುರಿಕೆ ತಗ್ಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜೀವಂತ ಇಲಿಯ ಹೊಟ್ಟೆಗೆ ಇದನ್ನು ಸವರಿದಾಗ ಒಳಗಿನ ಅಂಗಗಳು ಕಂಡವು. ತೊಳೆದರೆ ಚರ್ಮ ಮತ್ತೆ ಮೊದಲಿನಂತೆ. ಇಲಿಯ ಚರ್ಮ ತೆಳು. ನಮ್ಮದು ಅದಕ್ಕಿಂತ ಬಹಳ ದಪ್ಪ.