ಕಂಠ ಇದೆಯೇ ಎಂದು ಕೇಳಬೇಡಿ

ಪುಣೆಯ ಕನ್ನಡ ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರತಿಭೆ ದೊಡ್ಡದೋ ಪರಿಶ್ರಮ ದೊಡ್ಡದೋ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದಾರೆ. ನಾನು ಹಿಂದೂಸ್ತಾನಿ ಗಾಯನ ಕಲಿಸುವವಳು. ಹಾಗಾಗಿ ಸಂಗೀತದ ಅಂಗಳ ದಾಟಿ ಮಾತನಾಡುವುದಿಲ್ಲ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಪರಿಶ್ರಮವೇ ದೊಡ್ಡದು. ಮಗುವನ್ನು ದಿನವೂ ತಂಬೂರಿಯ ಮುಂದೆ ಕೂರಿಸಿ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಉಳಿದ ಸಮಯದಲ್ಲಿ ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಯಾಕೆಂದರೆ ಒಮ್ಮೆ ಹೇಳಿದರೆ ಯಾರೂ ಕೇಳುವುದಿಲ್ಲ.

ಈಗ ಈ ಮಾತು ಕೇಳುತ್ತಿರುವವರಲ್ಲಿ ಅನೇಕರು ಕೋಥ್ರೂಡಿನಲ್ಲೋ ಹಡಪ್ಸರಿನಲ್ಲೋ ಪಿಂಪ್ರಿ-ಚಿಂಚ್ವಡದಲ್ಲೋ ಅಡುಗೆಮನೆಯಲ್ಲಿ ನಿಂತ ತಾಯಂದಿರು ಎಂದುಕೊಂಡಿದ್ದೇನೆ. ಧಾರವಾಡ, ವಿಜಯಪುರ, ಕಲಬುರಗಿ, ಉಡುಪಿ ಕಡೆಯಿಂದ ಬಂದು ಇಲ್ಲಿ ಮನೆ ಮಾಡಿದವರು. ಮಗ ಅಥವಾ ಮಗಳು ಸಂಗೀತ ಕಲಿಯಲಿ ಎಂದು ಆಸೆಪಟ್ಟು ಕರೆದುಕೊಂಡು ಬರುತ್ತೀರಿ. ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತ ಕೂಡಲೇ ನೀವು ಕೇಳುವ ಮೊದಲ ಪ್ರಶ್ನೆ ಒಂದೇ. ‘ಮೇಡಂ, ಇವಳಿಗೆ ಕಂಠ ಇದೆಯೇ? ಒಂದು ಸಲ ಹಾಡಿಸಿ ನೋಡಿ ಹೇಳಿಬಿಡಿ, ಇಲ್ಲದಿದ್ದರೆ ಸುಮ್ಮನೆ ಯಾಕೆ?’

ಈ ಪ್ರಶ್ನೆ ಕೇಳಿದಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಆರೇಳು ವರ್ಷದ ಮಗು ಪಕ್ಕದಲ್ಲೇ ಕುಳಿತಿರುತ್ತದೆ, ನನ್ನ ಬಾಯನ್ನೇ ನೋಡುತ್ತಿರುತ್ತದೆ. ಇದೆ ಎಂದರೆ ನಾಳೆಯಿಂದ ಅಭ್ಯಾಸ ಬಿಡುತ್ತದೆ. ಇಲ್ಲ ಎಂದರೆ ಜೀವಮಾನವಿಡೀ ಬಾಯಿ ಮುಚ್ಚಿಕೊಳ್ಳುತ್ತದೆ. ಎರಡೂ ಬೇಡ ಎಂದು ನಾನು ಹೇಳುವುದು ಒಂದೇ ಮಾತು: ದಿನವೂ ಕೂರಿಸಿ, ಒಂದು ವರ್ಷ ಬಿಟ್ಟು ಮಾತನಾಡೋಣ.

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವುದನ್ನು ನೋಡಿ. ಹುಡುಗಿಗೆ ರೊಟ್ಟಿ ಬಡಿಯುವ ಪ್ರತಿಭೆ ಇದೆಯೇ ಎಂದು ಯಾವ ಅಜ್ಜಿಯಾದರೂ ಕೇಳಿದ್ದುಂಟೇ? ಒಲೆಯ ಮುಂದೆ ಕೂರಿಸುತ್ತಾರೆ. ಮೊದಲು ಹರಿಯುತ್ತದೆ, ಅಂಚು ಸೀಳುತ್ತದೆ. ಹರಿದ ರೊಟ್ಟಿಯನ್ನೂ ಮನೆಯವರೇ ತಿನ್ನುತ್ತಾರೆ. ಬರಬರುತ್ತ ಕೈಗೆ ತಿಳಿಯುತ್ತದೆ. ರೊಟ್ಟಿಯ ವಿಷಯದಲ್ಲಿ ಇಷ್ಟು ತಾಳ್ಮೆ ಇರುವ ನಮಗೆ ಸಂಗೀತದ ವಿಷಯ ಬಂದೊಡನೆ ದೈವದತ್ತ, ಪೂರ್ವಜನ್ಮದ ಪುಣ್ಯ ಎಂಬ ಮಾತು ಬಾಯಿಗೆ ಬರುತ್ತದೆ. ‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ’ ಎಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಮೊದಲರ್ಧವನ್ನು ನಂಬಿ ನಡೆಯುವವರನ್ನು ನಾನು ಕಂಡದ್ದು ಕಡಿಮೆ.

ಈಗ ನನಗೆ ಬಹಳ ಪ್ರಿಯವಾದ ಒಂದು ಕಥೆ ಹೇಳುತ್ತೇನೆ. ಇದು ನಡೆದದ್ದು, ಕಟ್ಟಿದ್ದಲ್ಲ. ನನ್ನ ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತು, ನಿಮಗೂ ಗೊತ್ತಿರಲಿ.

ಹುಬ್ಬಳ್ಳಿಯ ಹತ್ತಿರ ಕುಂದಗೋಳ ಎಂಬ ಊರಿದೆ. 1886ರಲ್ಲಿ ಅಲ್ಲಿ ರಾಮಚಂದ್ರ ಎಂಬ ಹುಡುಗ ಹುಟ್ಟಿದ. ರಾಮಭಾವು ಎಂದು ಕರೆಯುತ್ತಿದ್ದರು. ತಂದೆ ಗುಮಾಸ್ತರು. ಓದಲೆಂದು ಹುಡುಗನನ್ನು ಹುಬ್ಬಳ್ಳಿಯ ಶಾಲೆಗೆ ಕಳುಹಿಸಿದರು, ರೈಲಿನಲ್ಲಿ ಹೋಗಿ ಬರಬೇಕು. ಓದು ಅಷ್ಟಕ್ಕಷ್ಟೇ. ಆದರೆ ಹಾಡು ಎಂದರೆ ಪ್ರಾಣ. ಬಳವಂತರಾವ್ ಕೊಲ್ಹಟಕರ್ ಎಂಬ ಗುರುಗಳ ಬಳಿ ಧ್ರುಪದ, ತರಾನಾ ಎಂಬ ಹಾಡಿನ ಬಗೆಗಳನ್ನೂ ತಾಳಗಳನ್ನೂ ಕಲಿತ. 1898ರಲ್ಲಿ ಆ ಗುರುಗಳು ತೀರಿಕೊಂಡರು. ಶಾಲೆಯೂ ಬಿಟ್ಟುಹೋಯಿತು. ಇಲ್ಲಿಯವರೆಗೆ ಎಲ್ಲರೂ ಹೊಗಳುತ್ತಿದ್ದದ್ದು ಹುಡುಗನ ಕಂಠವನ್ನು. ಅಷ್ಟು ಮಧುರವಾಗಿತ್ತು.

ಆಮೇಲೆ ಹದಿಹರೆಯ ಬಂತು. ಗಂಡುಮಕ್ಕಳ ದನಿ ಒಡೆಯುವ ವಯಸ್ಸು. ರಾಮಭಾವುವಿನ ದನಿಯೂ ಒಡೆಯಿತು, ಒರಟಾಯಿತು. ಇಲ್ಲಿ ಒಂದು ಕ್ಷಣ ನಿಲ್ಲೋಣ. ಈಗ ಆ ಹುಡುಗನನ್ನು ಅವನ ತಾಯಿ ನಮ್ಮ ಪುಣೆಯ ಯಾವುದಾದರೂ ಸಂಗೀತ ತರಗತಿಗೆ ಕರೆದುಕೊಂಡು ಬಂದು ‘ಕಂಠ ಇದೆಯೇ’ ಎಂದು ಕೇಳಿದರೆ ಏನು ಉತ್ತರ ಸಿಗುತ್ತಿತ್ತು? ತಬಲಾಕ್ಕೆ ಹಾಕಿ, ಇಲ್ಲವೇ ಕೀಬೋರ್ಡ್ ಕಲಿಸಿ ಎಂದು ಕಳುಹಿಸಿಬಿಡುತ್ತಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಬಸ್ಸಿನಲ್ಲಿ ಆ ಹುಡುಗ ಕಿಟಕಿಯ ಕಡೆ ಮುಖ ಮಾಡಿ ಕುಳಿತಿರುತ್ತಿದ್ದ.

ರಾಮಭಾವುಗೆ ಸಿಕ್ಕವರು ಉಸ್ತಾದ್ ಅಬ್ದುಲ್ ಕರೀಂ ಖಾನರು, ಕಿರಾಣಾ ಘರಾಣೆ ಎಂಬ ಹಾಡಿಕೆಯ ಪರಂಪರೆಯ ಮಹಾಗುರು. 1913ರಲ್ಲಿ ಇದೇ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದವರು ಅವರೇ. ಅವರು ಈ ಹುಡುಗನನ್ನು ಶಿಷ್ಯನನ್ನಾಗಿ ಒಪ್ಪಿಕೊಂಡರು. ಅದಕ್ಕೊಂದು ಷರತ್ತು ಹಾಕಿದರು. ಆ ಷರತ್ತು ಕಂಠದ ಬಗ್ಗೆ ಆಗಿರಲಿಲ್ಲ. ಕಡಿಮೆಯೆಂದರೆ ಎಂಟು ವರ್ಷ ನನ್ನ ಬಳಿ ಕಲಿಯುವುದಾದರೆ ಮಾತ್ರ ಕಲಿಸುತ್ತೇನೆ, ಇಷ್ಟೇ.

ಎಂಟು ವರ್ಷ! ನನ್ನಲ್ಲಿಗೆ ಬರುವವರು ಎಂಟು ತಿಂಗಳಿಗೆ ‘ಸೊಸೈಟಿಯ ಗಣೇಶೋತ್ಸವದಲ್ಲಿ ಹಾಡಿಸಬಹುದೇ’ ಎಂದು ಕೇಳುತ್ತಾರೆ. ಖಾನ್ ಸಾಹೇಬರು ಕೇಳಿದ್ದು ವರ್ಷಗಳನ್ನು. ಆ ವರ್ಷಗಳ ಕಠಿಣ ಸಾಧನೆಯಲ್ಲಿ ಒಡೆದ ದನಿ ಕೂಡಿಕೊಂಡಿತು. ಮುಂದೆ ಇದೇ ರಾಮಭಾವು ಮರಾಠಿ ರಂಗಭೂಮಿಯಲ್ಲಿ ಸ್ತ್ರೀ ಪಾತ್ರ ಹಾಕಿ ಹಾಡಿ ಜನರನ್ನು ಮರುಳು ಮಾಡಿದರು. ಕೇಳಿದಿರಾ? ಒರಟಾಗಿದ್ದ ದನಿಯಲ್ಲಿ ನಾಯಕಿಯ ಪದಗಳು! ಅವರಿಗೆ ಸಿಕ್ಕ ಬಿರುದೇ ಸವಾಯಿ ಗಂಧರ್ವ.

ಹೌದು, ನಮ್ಮ ಡಿಸೆಂಬರಿನ ಸವಾಯಿ ಗಂಧರ್ವ ಸಂಗೀತ ಉತ್ಸವದ ಸವಾಯಿ ಗಂಧರ್ವರು ಇವರೇ. 1952ರಲ್ಲಿ ತೀರಿಕೊಂಡರು. ಮರುವರ್ಷ, 1953ರಿಂದ ಅವರ ನೆನಪಿಗೆ ಪುಣೆಯಲ್ಲಿ ಉತ್ಸವ ಶುರುವಾಯಿತು. ಚಳಿಯಲ್ಲಿ ಶಾಲು ಹೊದ್ದು, ಚಾಪೆ ಮತ್ತು ಡಬ್ಬಿ ಹಿಡಿದುಕೊಂಡು ನೀವೆಲ್ಲ ಹೋಗಿ ಕೂರುತ್ತೀರಲ್ಲ, ಅದು ದನಿ ಕೆಟ್ಟುಹೋಗಿದ್ದ ಒಬ್ಬ ಕನ್ನಡದ ಹುಡುಗನ ಹೆಸರಿನಲ್ಲಿ ನಡೆಯುವ ಉತ್ಸವ. ಮುಂದಿನ ಸಲ ಹೋದಾಗ ನಿಮ್ಮ ಮಕ್ಕಳಿಗೆ ಇದನ್ನು ಅಲ್ಲಿಯೇ ಕೂರಿಸಿಕೊಂಡು ಹೇಳಿ.

ಉತ್ಸವವನ್ನು ಕಟ್ಟಿ ಬೆಳೆಸಿದವರು ಅವರ ಶಿಷ್ಯ ಪಂಡಿತ್ ಭೀಮಸೇನ ಜೋಶಿ. ಗದಗಿನಲ್ಲಿ ಬೆಳೆದ ಹುಡುಗ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಉತ್ತರ ಭಾರತವನ್ನೆಲ್ಲ ಸುತ್ತಿದರು. ಜಾಲಂಧರಿನವರೆಗೂ ಹೋದರು. ಅಲ್ಲಿ ಸಿಕ್ಕ ಪುಣೆಯ ಗಾಯಕ ವಿನಾಯಕರಾವ್ ಪಟವರ್ಧನರು, ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರೆ, ಅವರಲ್ಲಿಗೆ ಹೋಗು ಎಂದರು. 1936ರಲ್ಲಿ ಕುಂದಗೋಳಕ್ಕೆ ಬಂದರು. ಗುರುಗಳ ಮನೆಗೆ ನೀರು ಹೊತ್ತರು. ಗುರುಗಳು ಕಲಿಸಿದ್ದು ರಾಶಿ ರಾಶಿ ರಾಗಗಳನ್ನಲ್ಲ. ತೋಡಿ, ಮುಲ್ತಾನಿ, ಪೂರಿಯಾದಂಥ ಕೆಲವನ್ನೇ ಹಿಡಿದು ತಿಕ್ಕಿಸಿದರು. 2008ರಲ್ಲಿ ಭಾರತರತ್ನ ಬಂದಾಗ ಪತ್ರಿಕೆಗಳೆಲ್ಲ ದೈವದತ್ತ ಕಂಠ ಎಂದು ಬರೆದವು. ಕುಂದಗೋಳದಲ್ಲಿ ಬೆಳಗಿನ ಜಾವ ಕುಳಿತು ಮಾಡಿದ ಅಭ್ಯಾಸವನ್ನು ಎಷ್ಟು ಜನ ಬರೆದರು? ನನಗೆ ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಒಬ್ಬ ಮನುಷ್ಯ ಬೆವರು ಸುರಿಸಿ ಸಂಪಾದಿಸಿದ್ದನ್ನು ದೇವರ ಲೆಕ್ಕಕ್ಕೆ ಬರೆದರೆ ಅವನಿಗೆ ಗೌರವ ಕೊಟ್ಟಂತೆ ಆಗುತ್ತದೆಯೇ?

ಗಂಗೂಬಾಯಿ ಹಾನಗಲ್ಲರನ್ನೂ ಹೇಳದೆ ಮುಂದೆ ಹೋಗಲಾರೆ. ಅವರೂ ಸವಾಯಿ ಗಂಧರ್ವರ ಶಿಷ್ಯೆ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತವರು. ಮೊದಲು ತೆಳುವಾದ ಇಂಪು ದನಿ. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ನಂತರ ಅದು ಗಂಡುದನಿಯಂತೆ ಭಾರವಾಯಿತು. ಬೇರೆಯವರಾದರೆ ಹಾಡುವುದನ್ನೇ ಬಿಡುತ್ತಿದ್ದರು. ಅವರು ಆ ಭಾರದ ದನಿಯಲ್ಲೇ ದಿನವೂ ಕುಳಿತರು. ಅವರ ಹಾಡಿಕೆ ಕೇಳಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಗುರುವಿನ ದನಿಯೂ ಕೆಟ್ಟಿತ್ತು, ಶಿಷ್ಯೆಯ ದನಿಯೂ ಬದಲಾಯಿತು. ಇಬ್ಬರೂ ಕೂರುವುದನ್ನು ಬಿಡಲಿಲ್ಲ.

ಕಥೆ ಉದ್ದವಾಯಿತು. ಸ್ಟುಡಿಯೋದ ಗಾಜಿನ ಆಚೆಯಿಂದ ಸಮಯ ನೋಡಿ ಎನ್ನುತ್ತಿದ್ದಾರೆ. ಇರಲಿ, ಈ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ನನಗೆ ಅಭ್ಯಾಸವಿಲ್ಲ.

ಈಗ ಕೂರುವುದು ಎಂದರೇನು ಎಂಬುದನ್ನು ಹೇಳಬೇಕು. ಬರಿದೇ ಗಂಟೆಗಟ್ಟಲೆ ಕಿರುಚುವುದಲ್ಲ. ಭೋಸರಿಯ ಕಡೆಯಿಂದ ಒಬ್ಬಳು ಹುಡುಗಿ ಬರುತ್ತಿದ್ದಳು. ತಂದೆ ಕಾರ್ಖಾನೆಯ ಕೆಲಸಗಾರರು, ಒಂದೇ ಕೋಣೆಯ ಮನೆ. ಅವಳ ಷಡ್ಜ, ಅಂದರೆ ಮೊದಲ ಸ್ವರ ‘ಸಾ’, ಯಾವಾಗಲೂ ಕೂದಲೆಳೆಯಷ್ಟು ಕೆಳಗೆ ಕೂರುತ್ತಿತ್ತು. ಅವಳಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ನಾನು ಬಂದಿಶ್, ಅಂದರೆ ರಾಗದ ಹಾಡು, ಕೊಡುವುದನ್ನು ನಿಲ್ಲಿಸಿ ಷಡ್ಜ ಒಂದನ್ನೇ ಕೊಟ್ಟೆ. ಬೆಳಗ್ಗೆ ಮನೆಯವರು ಏಳುವ ಮೊದಲು ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ಮೆಲ್ಲಗೆ ಹಾಡಬೇಕು, ಮೊಬೈಲಿನಲ್ಲಿ ದಾಖಲಿಸಿಕೊಳ್ಳಬೇಕು, ತಾನೇ ಕೇಳಿ ಎಲ್ಲಿ ಜಾರಿತು ಎಂದು ಪುಸ್ತಕದಲ್ಲಿ ಬರೆದು ತರಬೇಕು. ಮೊದಮೊದಲು ಖಾಲಿ ಪುಟ ತರುತ್ತಿದ್ದಳು, ತಪ್ಪೇ ಕೇಳಿಸುತ್ತಿಲ್ಲವಲ್ಲ! ಒಂದು ದಿನ ಪುಟ ತುಂಬ ಗುರುತುಗಳಿದ್ದವು. ‘ಎಲ್ಲ ಕಡೆಯೂ ತಪ್ಪುತ್ತಿದ್ದೇನೆ’ ಎಂದು ಅಳುತ್ತ ಕುಳಿತಳು. ನಾನು ಪೇಡಾ ತರಿಸಿದೆ. ಕಿವಿ ತೆರೆದಿತ್ತು. ಕಿವಿ ತೆರೆದ ಮೇಲೆ ಕಂಠ ಹಿಂದೆಯೇ ಬಂತು. ಅವಳೀಗ ಆಕಾಶವಾಣಿಯ ಧ್ವನಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಲಾವಿದೆ, ಭೋಸರಿಯಲ್ಲಿಯೇ ಮಕ್ಕಳಿಗೆ ಕಲಿಸುತ್ತಾಳೆ. ಕೂರುವುದು ಎಂದರೆ ಇದು: ತನ್ನ ತಪ್ಪು ತನ್ನ ಕಿವಿಗೆ ಬೀಳುವವರೆಗೆ ಅದೇ ಜಾಗವನ್ನು ಬಿಡದೆ ಹಿಡಿದುಕೊಳ್ಳುವುದು.

ವಿಜ್ಞಾನ ಏನು ಹೇಳುತ್ತದೆ ಎಂದು ಕೇಳುವ ಐಟಿ ಕಂಪನಿಯ ಅಪ್ಪಂದಿರಿಗಾಗಿ ಒಂದು ಮಾತು. ಆಂಡರ್ಸ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಜೊತೆಗಾರರೂ ಬರ್ಲಿನ್ನಿನ ಸಂಗೀತ ವಿದ್ಯಾಲಯದ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದರು. 18ನೇ ವಯಸ್ಸಿನ ಹೊತ್ತಿಗೆ ಅತ್ಯುತ್ತಮರೆನಿಸಿದವರು ಒಬ್ಬರೇ ಕುಳಿತು ಅಭ್ಯಾಸ ಮಾಡಿದ್ದು ಸರಾಸರಿ 7,400 ಗಂಟೆ. ಶಾಲಾ ಸಂಗೀತ ಶಿಕ್ಷಕರಾಗಲು ಹೊರಟವರು ಮಾಡಿದ್ದು ಸುಮಾರು 3,400 ಗಂಟೆ, ಅರ್ಧವೂ ಇಲ್ಲ. ಇನ್ನೊಂದು ಸಂಗತಿಯನ್ನು ತಾಯಂದಿರು ಗಮನಿಸಬೇಕು. ಚೆನ್ನಾಗಿ ನುಡಿಸುತ್ತಿದ್ದವರು ನಿದ್ದೆಯನ್ನೂ ಹೆಚ್ಚು ಮಾಡುತ್ತಿದ್ದರು, ಮಧ್ಯಾಹ್ನವೂ ಮಲಗುತ್ತಿದ್ದರು. ಮಗುವಿನ ನಿದ್ದೆ ಕೆಡಿಸಿ ಅಭ್ಯಾಸ ಮಾಡಿಸಬೇಡಿ. ಟಿವಿಯ ಮುಂದಿನ ಹೊತ್ತನ್ನು ತೆಗೆದು ಅಭ್ಯಾಸಕ್ಕೆ ಕೊಡಿ.

ಟಿವಿಯ ಹಾಡಿನ ಸ್ಪರ್ಧೆಗಳ ಬಗ್ಗೆ ಬಹಳ ಹೇಳುವುದಿತ್ತು, ಸಮಯವಿಲ್ಲ. ಹತ್ತು ವರ್ಷದ ಮಗುವನ್ನು ಎದ್ದುನಿಂತು ಚಪ್ಪಾಳೆ ತಟ್ಟಿ ಅದ್ಭುತ ಪ್ರತಿಭೆ ಎಂದು ಕರೆಯುವುದು ಆ ಮಗುವಿಗೆ ಮಾಡುವ ಅನ್ಯಾಯ. ಅಷ್ಟು ಸಾಕು.

ಪರೀಕ್ಷೆಗಳ ವಿಷಯವೂ ಹಾಗೆಯೇ. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ ಎಂದು ಪ್ರಮಾಣಪತ್ರಗಳನ್ನು ಗೋಡೆಗೆ ಹಾಕಿ, ಸಂತೋಷ. ಆದರೆ ಪರೀಕ್ಷೆಯ ಹಿಂದಿನ ತಿಂಗಳು ಮಾತ್ರ ಕೂರಿಸಿದರೆ ಆಗುವುದಿಲ್ಲ. ಹತ್ತನೆಯ ತರಗತಿ ಬಂತೆಂದು ವರ್ಷವಿಡೀ ತಂಬೂರಿಗೆ ಬಟ್ಟೆ ಮುಚ್ಚಿಡುತ್ತೀರಲ್ಲ, ಅದನ್ನು ದಯವಿಟ್ಟು ಮಾಡಬೇಡಿ. ದಿನಕ್ಕೆ ಇಪ್ಪತ್ತು ನಿಮಿಷ ಹಾಡಿದ್ದರಿಂದ ಗಣಿತದಲ್ಲಿ ಯಾರೂ ಅನುತ್ತೀರ್ಣರಾಗಿಲ್ಲ.

ಕೊನೆಯದಾಗಿ ಗಂಡುಮಕ್ಕಳ ತಾಯಂದಿರಿಗೆ. ಹದಿಮೂರು ಹದಿನಾಲ್ಕಕ್ಕೆ ಮಗನ ದನಿ ಒಡೆದಾಗ ಸಂಗೀತ ಬಿಡಿಸಿಬಿಡುತ್ತೀರಿ. ಆ ವಯಸ್ಸಿನಲ್ಲಿ ಹುಡುಗರಿಗೇ ನಾಚಿಕೆ, ಅದರ ಮೇಲೆ ಮನೆಯವರು ನಗುತ್ತಾರೆ. ನಗಬೇಡಿ. ಮೇಲಿನ ಸ್ವರಗಳಿಗೆ ಎಳೆಯದೆ ಶ್ರುತಿ ಇಳಿಸಿ. ಹಾರ್ಮೋನಿಯಮ್ಮಿನ ಮನೆಗಳ ಲೆಕ್ಕದಲ್ಲಿ ಕಪ್ಪು ನಾಲ್ಕರಲ್ಲಿ ಹಾಡುತ್ತಿದ್ದವನಿಗೆ ಬಿಳಿ ಒಂದೋ ಕಪ್ಪು ಒಂದೋ ಸರಿಹೋಗಬಹುದು, ಗುರುಗಳನ್ನು ಕೇಳಿ. ಮಂದ್ರದಲ್ಲಿ ಮೆಲ್ಲಗೆ, ಗಂಟಲಿಗೆ ನೋವಾಗದಂತೆ, ದಿನವೂ. ದನಿ ನೆಲೆಗೊಳ್ಳಲು ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ವರ್ಷವೂ ಹಿಡಿಯುತ್ತದೆ. ಅಷ್ಟು ದಿನ ಅವನನ್ನು ಯಾರ ಮುಂದೆಯೂ ಹಾಡಿಸಬೇಡಿ. ಮನೆಯಲ್ಲಿ ತಂಬೂರಿ ಇಲ್ಲದಿದ್ದರೆ ಮೊಬೈಲಿನ ತಂಬೂರಿ ಸಾಕು. ಬಾಗಿಲು ಮುಂದೆ ಮಾಡಿ, ಅವನ ಪಾಡಿಗೆ ಅವನನ್ನು ಕೂರಲು ಬಿಡಿ.

ನಲವತ್ತು ದಾಟಿದವರು ಈಗ ಶುರುಮಾಡಬಹುದೇ ಎಂದು ಪತ್ರ ಬರೆದು ಕೇಳಿದ್ದಾರಂತೆ. ಬನ್ನಿ, ಖಂಡಿತ ಬನ್ನಿ. ಬರುವಾಗ ಕಂಠದ ಚಿಂತೆ ಬಿಟ್ಟು ಬೆಳಗಿನ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬನ್ನಿ.

ನಮಸ್ಕಾರ.